ಜಾಲತಾಣದ ಬೀಗದ ಕೈ ಯಾರ ಬಳಿ ಇದೆ?

ವಿದ್ಯಾರ್ಥಿ ಸಂಘವೊಂದು ಅಲ್ಪ ವೆಚ್ಚದಲ್ಲಿ ತನ್ನ ವೆಬ್‌ಸೈಟನ್ನು ಪುನಾರಚಿಸಿಕೊಂಡ ಬಗೆ, ಮತ್ತು ಅದರಿಂದ ಸಣ್ಣ ಉದ್ದಿಮೆದಾರರು ಕಲಿಯಬಹುದಾದ ಪಾಠ

ಪೀಣ್ಯದಲ್ಲಿ ಒಂದು ಷೆಡ್ಡನ್ನು ಬಾಡಿಗೆಗೆ ಹಿಡಿಯುವಾಗ ನಾವೆಲ್ಲರೂ ಕೆಲವು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತೇವೆ. ಕರಾರುಪತ್ರ ಯಾರ ಹೆಸರಿನಲ್ಲಿದೆ? ವಿದ್ಯುತ್ ಮೀಟರು ಯಾರ ಹೆಸರಿನಲ್ಲಿದೆ? ಮಂಜೂರಾಗಿರುವ ಅಶ್ವಶಕ್ತಿ ಎಷ್ಟು? ಹಿಂದಿನ ಬಾಡಿಗೆದಾರರ ಬಾಕಿ ಏನಾದರೂ ಉಳಿದಿದೆಯೇ? ಗೋಡೆಗೆ ಸುಣ್ಣ ಬಳಿಯುವ ವಿಚಾರ ಬರುವುದು ಇವೆಲ್ಲ ಇತ್ಯರ್ಥವಾದ ಮೇಲೆ. ಆದರೆ ಅದೇ ನಾವು ನಮ್ಮ ಸಂಸ್ಥೆಗೆ ಜಾಲತಾಣವೊಂದನ್ನು ಮಾಡಿಸುವಾಗ ಕ್ರಮವನ್ನು ತಲೆಕೆಳಗು ಮಾಡುತ್ತೇವೆ. ಬಣ್ಣ, ಚಿತ್ರ, ಚಲಿಸುವ ಅಕ್ಷರಗಳ ಬಗ್ಗೆ ಗಂಟೆಗಟ್ಟಲೆ ಚರ್ಚಿಸುತ್ತೇವೆ. ಹೆಸರು ಯಾರ ಖಾತೆಯಲ್ಲಿ ನೋಂದಣಿಯಾಗಿದೆ ಎಂಬುದನ್ನು ಕೇಳುವುದೇ ಇಲ್ಲ.

ಈ ಮಾತು ನನಗೆ ಮನದಟ್ಟಾದದ್ದು ಯಾವುದೇ ವಿಚಾರಸಂಕಿರಣದಲ್ಲಿ ಅಲ್ಲ. ಧನಸಹಾಯ ಕೇಳಿಕೊಂಡು ಬಂದ ನಾಲ್ವರು ವಿದ್ಯಾರ್ಥಿಗಳಿಂದ.

ಬಾಗಲಗುಂಟೆಯ ಪರಿಸರವನ್ನು ಬಲ್ಲ ಸದಸ್ಯರಿಗೆ ಇಲ್ಲಿನ ಕಾಲೇಜುಗಳ ವಿಷಯವನ್ನು ವಿವರಿಸಬೇಕಾಗಿಲ್ಲ. ಒಂದು ಬದಿಗೆ ತುಮಕೂರು ರಸ್ತೆ ಮತ್ತು ಪೀಣ್ಯ ಕೈಗಾರಿಕಾ ಪ್ರದೇಶ. ಇನ್ನೊಂದು ಬದಿಗೆ ಹೆಸರಘಟ್ಟ ಮುಖ್ಯರಸ್ತೆ. ಆ ರಸ್ತೆಯುದ್ದಕ್ಕೂ ಚಿಕ್ಕಸಂದ್ರದಿಂದ ಸೋಲದೇವನಹಳ್ಳಿಯವರೆಗೆ ಇಂಜಿನಿಯರಿಂಗ್, ವಾಣಿಜ್ಯ ಹಾಗೂ ನಿರ್ವಹಣಾಶಾಸ್ತ್ರದ ಕಾಲೇಜುಗಳಿವೆ. 2015ರ ಮೇ 1ರಂದು ನಾಗಸಂದ್ರದವರೆಗೆ ಮೆಟ್ರೊ ಬಂದ ಮೇಲೆ ವಿದ್ಯಾರ್ಥಿಗಳ ಓಡಾಟವೂ ಸುಲಭವಾಗಿದೆ. ಪ್ರತಿ ವರ್ಷ ಫೆಬ್ರವರಿ, ಮಾರ್ಚ್ ತಿಂಗಳು ಬಂತೆಂದರೆ ತಾಂತ್ರಿಕ ಉತ್ಸವ, ವಾಣಿಜ್ಯ ಉತ್ಸವಗಳ ಪ್ರಾಯೋಜಕತ್ವ ಕೇಳಿಕೊಂಡು ವಿದ್ಯಾರ್ಥಿ ಸಂಘಗಳವರು ನಮ್ಮ ಘಟಕಗಳಿಗೆ ಬರುತ್ತಾರೆ. ನಾವೂ ಯಥಾಶಕ್ತಿ ಕೊಡುತ್ತೇವೆ. ತರಬೇತಿಗೆ, ಮುಂದೆ ಉದ್ಯೋಗಕ್ಕೆ ನಮ್ಮಲ್ಲಿಗೆ ಬರುವವರು ಇದೇ ಮಕ್ಕಳು.

ಕರಪತ್ರದಲ್ಲಿ ಒಂದು ವಿಳಾಸ

ಎರಡು ವರ್ಷಗಳ ಹಿಂದೆ ಹಾಗೆ ಬಂದ ಸಂಘದ ಪದಾಧಿಕಾರಿಗಳು ನನ್ನ ಮೇಜಿನ ಮೇಲೆ ಅಂದವಾದ ಕರಪತ್ರವೊಂದನ್ನು ಇಟ್ಟರು. ಹಿಂದಿನ ವರ್ಷದ ಪ್ರಾಯೋಜಕರ ಲಾಂಛನಗಳು ಅದರಲ್ಲಿದ್ದವು, ನಮ್ಮದೂ ಇತ್ತು. ಕೆಳಗೆ ಸಂಘದ ಜಾಲತಾಣದ ವಿಳಾಸ. ವೆಬ್‌ಸೈಟ್ ಹಳೆಯದಾಗಿದೆ, ಅದನ್ನು ಹೊಸದಾಗಿ ವಿನ್ಯಾಸಗೊಳಿಸಲು 15,000 ರೂ. ನೆರವು ಬೇಕು ಎಂಬುದು ಅವರ ಕೋರಿಕೆ. ಹಳೆಯದು ಹೇಗಿದೆ ನೋಡೋಣವೆಂದು ನನ್ನ ಮೊಬೈಲಿನಲ್ಲಿ ಆ ವಿಳಾಸವನ್ನು ತೆರೆದೆ. ತೆರೆದುಕೊಂಡದ್ದು ಆನ್‌ಲೈನ್ ಜೂಜಿನ ಪುಟ.

ನಾಲ್ವರ ಮುಖವೂ ಪೆಚ್ಚಾಯಿತು. "ಸರ್, ನಾವು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮಾತ್ರ ನೋಡಿಕೊಳ್ಳುತ್ತಿದ್ದೆವು, ವೆಬ್‌ಸೈಟ್ ಸೀನಿಯರ್‌ಗಳ ಕಾಲದ್ದು" ಎಂದರು ಕಾರ್ಯದರ್ಶಿ. ಆ ಕರಪತ್ರದ 500 ಪ್ರತಿಗಳು ಆಗಲೇ ಹಂಚಿಕೆಯಾಗಿದ್ದವು. ನಮ್ಮ ಘಟಕದ ಲಾಂಛನದ ಕೆಳಗೆ ಜೂಜಿನ ಅಡ್ಡೆಯ ವಿಳಾಸ ಅಚ್ಚಾಗಿ 500 ಮಂದಿಯ ಕೈ ಸೇರಿತ್ತು.

ಆದದ್ದೇನೆಂದು ವಿಚಾರಿಸಿದಾಗ ಕಥೆ ಬಹಳ ಸರಳವಾಗಿತ್ತು. ಕೆಲವು ವರ್ಷಗಳ ಹಿಂದೆ ಉತ್ಸಾಹಿ ವಿದ್ಯಾರ್ಥಿಯೊಬ್ಬ ತನ್ನ ಸ್ವಂತ ಕಾರ್ಡಿನಿಂದ ಹಣ ಕಟ್ಟಿ, ಕಾಲೇಜು ತನಗೆ ನೀಡಿದ್ದ ಇ-ಮೇಲ್ ವಿಳಾಸದ ಮೂಲಕ ಆ ಹೆಸರನ್ನು ನೋಂದಾಯಿಸಿದ್ದ. ಆತ ಪದವಿ ಮುಗಿಸಿ ಹೋದ. ನಿಯಮದಂತೆ ಕಾಲೇಜು ಆ ಇ-ಮೇಲ್ ಖಾತೆಯನ್ನು ಮುಚ್ಚಿತು. ನವೀಕರಣದ ನೆನಪೋಲೆಗಳು ಯಾರೂ ತೆರೆಯದ ಪೆಟ್ಟಿಗೆಗೆ ಹೋಗುತ್ತಲೇ ಇದ್ದವು. ಅವಧಿ ಮುಗಿಯಿತು, ಹೆಸರನ್ನು ಬೇರೊಬ್ಬರು ಕೊಂಡುಕೊಂಡರು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಆ ವಿದ್ಯಾರ್ಥಿ ಸಂಘಕ್ಕೆ ಉಪಕಾರವನ್ನೇ ಮಾಡಿದ್ದ. ಇರದಿದ್ದುದು ಹಸ್ತಾಂತರದ ವ್ಯವಸ್ಥೆ.

ಅವಧಿ ಮುಗಿದ ಹೆಸರಿನ ಗತಿ

ಇಲ್ಲಿ ನಮ್ಮ ಓದುಗರು ತಿಳಿದಿರಬೇಕಾದ ಒಂದು ಸಂಗತಿಯಿದೆ. ಜಾಲತಾಣದ ಹೆಸರನ್ನು ನಾವು ಕೊಂಡುಕೊಳ್ಳುವುದಿಲ್ಲ, ಗುತ್ತಿಗೆಗೆ ಪಡೆಯುತ್ತೇವೆ. .ಕಾಂ ಬಗೆಯ ಹೆಸರುಗಳಲ್ಲಿ ಅವಧಿ ಮುಗಿದ ನಂತರ ನೋಂದಣಿ ಸಂಸ್ಥೆಯ ನಿಯಮಕ್ಕೆ ಅನುಗುಣವಾಗಿ ಹೆಚ್ಚೆಂದರೆ 45 ದಿನಗಳ ರಿಯಾಯಿತಿ ಕಾಲ ದೊರೆಯಬಹುದು. ಅದಾದ ಮೇಲೆ 30 ದಿನಗಳ ವಿಮೋಚನಾ ಅವಧಿ; ಆಗ ಮಾಮೂಲು ಶುಲ್ಕದ ಹಲವು ಪಟ್ಟು ಹಣ ತೆತ್ತರೆ ಮಾತ್ರ ಹೆಸರು ಹಿಂದಿರುಗುತ್ತದೆ. ಆಮೇಲೆ 5 ದಿನಗಳ ಅಂತಿಮ ಹಂತ. ಅಲ್ಲಿಂದಾಚೆಗೆ ಅದು ಯಾರು ಬೇಕಾದರೂ ಪಡೆಯಬಹುದಾದ ಹೆಸರು. ಹಳೆಯ ಹೆಸರುಗಳಿಗೆ ಬೇರೆ ತಾಣಗಳಿಂದ ಕೊಂಡಿಗಳಿರುತ್ತವೆ, ಓದುಗರು ಬಂದು ಹೋಗುತ್ತಿರುತ್ತಾರೆ. ಆ ಕಾರಣಕ್ಕೇ ಇಂಥ ಹೆಸರುಗಳಿಗಾಗಿ ಹೊಂಚು ಹಾಕಿ ಕುಳಿತವರು ಇದ್ದಾರೆ.

ಕಾರ್ಡಿನಿಂದ ತಾನಾಗಿಯೇ ನವೀಕರಣವಾಗುತ್ತದೆ ಎಂಬ ಭರವಸೆಯೂ ಸಾಲದು. 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಕಾರ್ಡಿನಿಂದ ನಿಯತವಾಗಿ ಕಡಿತವಾಗುವ ಪಾವತಿಗಳಿಗೆ ಗ್ರಾಹಕರು ಮೊದಲೇ ಅಧಿಕೃತ ಒಪ್ಪಿಗೆ ನೀಡಿರಬೇಕು. ಆ ಒಪ್ಪಿಗೆ ದಾಖಲಾಗಿರದಿದ್ದರೆ ಅಥವಾ ಕಾರ್ಡಿನ ಅವಧಿಯೇ ಮುಗಿದಿದ್ದರೆ ಕಡಿತ ಆಗುವುದಿಲ್ಲ.

ಈ ಸಂಘದ ವಿಷಯದಲ್ಲಿ ಎಲ್ಲ ಗಡುವುಗಳೂ ದಾಟಿಹೋಗಿದ್ದವು. ಹೆಸರು ಕೈಬಿಟ್ಟಿತ್ತು. ಹೀಗಾಗಿ "ಮರುವಿನ್ಯಾಸ" ಎಂದು ಆರಂಭವಾದ ಮಾತು "ಪುನರ್ನಿರ್ಮಾಣ" ಎಂಬಲ್ಲಿಗೆ ಬಂದು ನಿಂತಿತು. ಉತ್ಸವಕ್ಕೆ ಆರು ವಾರಗಳಷ್ಟೇ ಉಳಿದಿದ್ದವು. ನಾನು ಒಂದು ಷರತ್ತಿನ ಮೇಲೆ ಹಣ ಕೊಡಲು ಒಪ್ಪಿದೆ: ಪ್ರತಿಯೊಂದು ವೆಚ್ಚಕ್ಕೂ ಕಾರಣ ಬರೆದಿಡಬೇಕು, ಮತ್ತು ಮುಂದಿನ ಸಮಿತಿಗೆ ಬೀಗದ ಕೈ ಹೇಗೆ ತಲುಪುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಬೇಕು.

ಮೊದಲ ವೆಚ್ಚ: ಹೆಸರು ಮತ್ತು ಒಡೆತನ

ಮೊದಲ ಪ್ರಶ್ನೆ, ಹೊಸ ಹೆಸರನ್ನು ಯಾರ ಹೆಸರಿನಲ್ಲಿ ನೋಂದಾಯಿಸಬೇಕು ಎಂಬುದು. ಕಾಲೇಜಿನ ವಿದ್ಯಾರ್ಥಿ ಸಂಘಗಳಲ್ಲಿ ಬಹುಪಾಲು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ನೋಂದಾಯಿತವಾದವುಗಳಲ್ಲ. ಅವಕ್ಕೆ ಸ್ವಂತ ಕಾನೂನು ಅಸ್ತಿತ್ವವಿಲ್ಲ. ಹಾಗಾದರೆ ಒಡೆಯರು ಯಾರು? ಅಧ್ಯಕ್ಷನೆಂದರೆ ಮುಂದಿನ ವರ್ಷ ಅವನಿರುವುದಿಲ್ಲ. ಆದ್ದರಿಂದ ಕಾಲೇಜನ್ನೇ ಒಡೆತನದ ಕಲಂನಲ್ಲಿ ಬರೆಯುವುದೆಂದು ತೀರ್ಮಾನವಾಯಿತು. ಪ್ರಾಂಶುಪಾಲರು ಒಪ್ಪಿದರು. ವ್ಯಕ್ತಿಯ ಹೆಸರಿಲ್ಲದ, ಹುದ್ದೆಯ ಹೆಸರಿನ ಇ-ಮೇಲ್ ವಿಳಾಸವೊಂದನ್ನು ಕಾಲೇಜಿನ ಗಣಕ ವಿಭಾಗದವರು ಸೃಷ್ಟಿಸಿಕೊಟ್ಟರು. ಅದಕ್ಕೆ ಬಂದ ಪತ್ರಗಳು ಮಾರ್ಗದರ್ಶಕ ಉಪನ್ಯಾಸಕರಿಗೂ ಸಂಘದ ಕಾರ್ಯದರ್ಶಿಗೂ ಏಕಕಾಲಕ್ಕೆ ತಲುಪುತ್ತವೆ.

ಹಣವೇ ಇಲ್ಲದ ಸಂಘಗಳಿಗೆ ಇನ್ನೊಂದು ದಾರಿಯಿದೆ. ಶಿಕ್ಷಣ ಸಂಸ್ಥೆಗಳ .ಎಸಿ.ಇನ್ ಹೆಸರುಗಳ ನೋಂದಣಿ ಅರ್ನೆಟ್ ಇಂಡಿಯಾ ಸಂಸ್ಥೆಯ ಮೂಲಕ ನಡೆಯುತ್ತದೆ. ಅದು ಸಂಘಗಳಿಗೆ ನೇರವಾಗಿ ಸಿಗುವಂಥದ್ದಲ್ಲ. ಆದರೆ ಆ ಹೆಸರನ್ನು ಹೊಂದಿರುವ ಕಾಲೇಜು ಅದರಡಿಯಲ್ಲಿ ತನ್ನ ಸಂಘಕ್ಕೆ ಉಪಹೆಸರೊಂದನ್ನು ಪ್ರತ್ಯೇಕ ಶುಲ್ಕವಿಲ್ಲದೆ ಕೊಡಬಹುದು. ನಮ್ಮ ವಿದ್ಯಾರ್ಥಿಗಳು ಎರಡನ್ನೂ ಮಾಡಿದರು: ಕಾಲೇಜಿನ ಉಪಹೆಸರು ಒಂದು, ಸ್ವಂತ .ಇನ್ ಹೆಸರು ಇನ್ನೊಂದು. ಒಂದು ಕೈತಪ್ಪಿದರೂ ಇನ್ನೊಂದು ಉಳಿಯುತ್ತದೆ.

.ಇನ್ ಎಂಬುದು ನಮ್ಮ ದೇಶದ್ದೇ ಹೆಸರು. 2003ರಲ್ಲಿ ಸ್ಥಾಪನೆಯಾದ ನಿಕ್ಸಿ, ಅಂದರೆ ಭಾರತೀಯ ರಾಷ್ಟ್ರೀಯ ಅಂತರ್ಜಾಲ ವಿನಿಮಯ ಕೇಂದ್ರ, ಅದರ ಹೊಣೆ ಹೊತ್ತಿದೆ. 2005ರಲ್ಲಿ ನಿಯಮಗಳು ಸಡಿಲಗೊಂಡ ನಂತರ ಸಾಮಾನ್ಯ ವ್ಯಾಪಾರಿಗಳಿಗೂ ಅದು ಸುಲಭವಾಗಿ ದೊರೆಯತೊಡಗಿತು. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಬಾಬತ್ತು ಇದು. ಐದು ವರ್ಷಗಳಿಗೆ ಒಂದೇ ಬಾರಿಗೆ ಕಟ್ಟಿದ್ದರಿಂದ ತೆರಿಗೆ ಸೇರಿ 4,500 ರೂ. ಆಯಿತು. ಒಟ್ಟು ಹಣದ ಸುಮಾರು ಮೂರನೆಯ ಒಂದು ಭಾಗ ಇದಕ್ಕೇ ಹೋಯಿತೆಂದು ವಿದ್ಯಾರ್ಥಿಗಳಿಗೆ ಕೊಂಚ ಬೇಸರವಾಯಿತು. ಆದರೆ ಈ ಖರ್ಚನ್ನು ಉಳಿಸಲು ಹೋದದ್ದರಿಂದಲೇ ಹಳೆಯ ಹೆಸರು ಜೂಜಿನವರ ಪಾಲಾಗಿತ್ತು ಎಂಬುದನ್ನು ನೆನಪಿಸಬೇಕಾಯಿತು.

ಬಿಟ್ಟಿ ಜಾಗ: ಲಾಭವೂ ಅಪಾಯವೂ

ಎರಡನೆಯ ಪ್ರಶ್ನೆ, ಪುಟಗಳನ್ನು ಎಲ್ಲಿ ಇಡಬೇಕು ಎಂಬುದು. "ಇನ್‌ಸ್ಟಾಗ್ರಾಂ ಪುಟವೇ ಸಾಲದೇ?" ಎಂದು ಖಜಾಂಚಿ ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರ ಇತಿಹಾಸದಲ್ಲಿದೆ. ಒಂದು ಕಾಲಕ್ಕೆ ಸಾವಿರಾರು ಸಂಘಸಂಸ್ಥೆಗಳು ಯಾಹೂ ಸಂಸ್ಥೆಯ ಜಿಯೊಸಿಟೀಸ್‌ನಲ್ಲಿ ಉಚಿತ ಪುಟಗಳನ್ನು ಕಟ್ಟಿಕೊಂಡಿದ್ದವು. 2009ರ ಅಕ್ಟೋಬರ್‌ನಲ್ಲಿ ಅದನ್ನು ಮುಚ್ಚಲಾಯಿತು. ನಮ್ಮ ದೇಶದ ಯುವಜನರು ಮುಗಿಬಿದ್ದು ಸೇರಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ನಿಂತಿತು. 2019ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲಸ್ ಸಾರ್ವಜನಿಕರಿಗೆ ಬಾಗಿಲು ಹಾಕಿತು. ಇವುಗಳಲ್ಲಿ ಮಾತ್ರ ಮನೆ ಮಾಡಿಕೊಂಡಿದ್ದ ಸಂಘಗಳ ವಿಳಾಸಗಳೇ ಅಳಿಸಿಹೋದವು. ಬಾಡಿಗೆ ಮನೆಯಲ್ಲಿ ಇರಬಾರದೆಂದಲ್ಲ. ಆದರೆ ಪತ್ರಗಳು ಬರುವ ವಿಳಾಸ ನಮ್ಮದೇ ಆಗಿರಬೇಕು. ಹೆಸರು ನಮ್ಮದಾಗಿದ್ದರೆ ಪುಟಗಳನ್ನು ಎಲ್ಲಿಂದ ಎಲ್ಲಿಗೆ ಬೇಕಾದರೂ ಸಾಗಿಸಬಹುದು.

ಸಂಘದ ಹಳೆಯ ತಾಣ ವರ್ಡ್‌ಪ್ರೆಸ್ ತಂತ್ರಾಂಶದಲ್ಲಿತ್ತು. 2003ರಲ್ಲಿ ಹೊರಬಂದ ಈ ಉಚಿತ ತಂತ್ರಾಂಶವನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಮ್ಯಾಟ್ ಮುಲ್ಲೆನ್‌ವೆಗ್ ಆಗ ಇನ್ನೂ ಹೂಸ್ಟನ್‌ನಲ್ಲಿ ಓದುತ್ತಿದ್ದ ವಿದ್ಯಾರ್ಥಿ. ಇಂದು ಜಗತ್ತಿನ ಜಾಲತಾಣಗಳಲ್ಲಿ ಐದರಲ್ಲಿ ಎರಡು ಪಾಲು ಅದನ್ನೇ ಬಳಸುತ್ತವೆ. ಒಳ್ಳೆಯ ಸಾಧನವೇ. ಆದರೆ ಅದಕ್ಕೆ ಹಾಗೂ ಅದಕ್ಕೆ ಜೋಡಿಸಿದ ಉಪಾಂಗಗಳಿಗೆ ಆಗಿಂದಾಗ್ಗೆ ಪರಿಷ್ಕರಣೆ ಮಾಡುತ್ತಿರಬೇಕು. ಎಣ್ಣೆ ಬಿಡದ ಯಂತ್ರದಂತೆ ಅದೂ ಕೆಟ್ಟು ನಿಲ್ಲುತ್ತದೆ, ಕಳ್ಳರು ನುಗ್ಗಲು ದಾರಿಯಾಗುತ್ತದೆ. ಪರೀಕ್ಷೆ, ರಜೆ ಎಂದು ವರ್ಷದಲ್ಲಿ ನಾಲ್ಕಾರು ತಿಂಗಳು ಯಾರೂ ಇಲ್ಲದ ಸಂಘಕ್ಕೆ ಈ ಆರೈಕೆ ದುಸ್ತರ.

ಆದ್ದರಿಂದ ವಿದ್ಯಾರ್ಥಿಗಳು ಸ್ಥಿರ ಪುಟಗಳ ಮಾರ್ಗವನ್ನು ಆರಿಸಿಕೊಂಡರು. ಹ್ಯೂಗೊ ಎಂಬ ಉಚಿತ ತಂತ್ರಾಂಶದಿಂದ ಪುಟಗಳನ್ನು ಸಿದ್ಧಪಡಿಸಿ, ಗಿಟ್‌ಹಬ್ ಪೇಜಸ್ ಎಂಬ ಸೇವೆಯಲ್ಲಿ ಇರಿಸಿದರು. 2008ರಿಂದ ನಡೆಯುತ್ತಿರುವ ಈ ಸೇವೆಗೆ ಶುಲ್ಕವಿಲ್ಲ. ತಾಣದ ಗಾತ್ರ 1 ಗಿಗಾಬೈಟ್ ಮೀರಬಾರದು ಎಂಬ ಮಿತಿಯಿದೆ. ಸಂಘವೊಂದಕ್ಕೆ ಅದು ಧಾರಾಳ. ಸಂಘದ ಹೆಸರಿನಲ್ಲಿ ಸಂಸ್ಥಾ ಖಾತೆ ತೆರೆದು, ಉಪನ್ಯಾಸಕರೊಬ್ಬರು ಮತ್ತು ಇಬ್ಬರು ವಿದ್ಯಾರ್ಥಿಗಳು ಹೀಗೆ ಮೂವರನ್ನು ಮೇಲ್ವಿಚಾರಕರನ್ನಾಗಿ ಮಾಡಿದರು. ಸದಸ್ಯರು ಒಂದು ಎಚ್ಚರಿಕೆಯನ್ನು ಗಮನಿಸಬೇಕು: ಈ ಉಚಿತ ಸೇವೆ ಆನ್‌ಲೈನ್ ವ್ಯಾಪಾರ ನಡೆಸಲು ಅಲ್ಲವೆಂದು ಅದರ ನಿಯಮಗಳೇ ಹೇಳುತ್ತವೆ. ಮಾರಾಟದ ತಾಣ ಬೇಕಾದವರು ಹಣ ಕೊಟ್ಟೇ ಜಾಗ ಪಡೆಯಬೇಕು. ಹಾಗೆ ಪಡೆಯುವಾಗ ಮೊದಲ ವರ್ಷದ ರಿಯಾಯಿತಿ ದರಕ್ಕೆ ಮರುಳಾಗದೆ ಎರಡನೆಯ ವರ್ಷದ ನವೀಕರಣ ದರ ಎಷ್ಟೆಂದು ಲಿಖಿತವಾಗಿ ಕೇಳಬೇಕು.

2018ರ ಜುಲೈನಿಂದ ಗೂಗಲ್ ಕ್ರೋಮ್, ಭದ್ರತಾ ಪ್ರಮಾಣಪತ್ರವಿಲ್ಲದ ತಾಣಗಳನ್ನು "ಸುರಕ್ಷಿತವಲ್ಲ" ಎಂದು ಗುರುತಿಸತೊಡಗಿತು. ಆ ಪ್ರಮಾಣಪತ್ರಕ್ಕೆ ಸಾವಿರಾರು ರೂಪಾಯಿ ಕೇಳುವವರು ಈಗಲೂ ಇದ್ದಾರೆ. ಆದರೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವಾಸಂಸ್ಥೆ 2015ರ ಕೊನೆಯಿಂದಲೇ ಅದನ್ನು ಎಲ್ಲರಿಗೂ ಉಚಿತವಾಗಿ ನೀಡುತ್ತಿದೆ. ಸಾಮಾನ್ಯ ಮಾಹಿತಿ ತಾಣಕ್ಕೆ ಅದು ಸಾಕು.

ಏನಿರಬೇಕು, ಏನು ಬೇಡ

ಹಳೆಯ ತಾಣದ ಪುಟಗಳು ಸಂಪೂರ್ಣ ನಷ್ಟವಾಗಿರಲಿಲ್ಲ. ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮೆಷಿನ್ ಎಂಬ ಸಾರ್ವಜನಿಕ ಸಂಗ್ರಹದಲ್ಲಿ ಅವುಗಳ ಹಲವು ಪ್ರತಿಗಳು ಸಿಕ್ಕಿದವು. ಹಿಂದಿನ ವರ್ಷಗಳ ವರದಿಗಳನ್ನು ಅಲ್ಲಿಂದ ಎತ್ತಿಕೊಳ್ಳಲಾಯಿತು. ಆದರೆ ಎಲ್ಲವನ್ನೂ ಮರಳಿ ತುಂಬಲಿಲ್ಲ. ಹಳೆಯ ತಾಣದಲ್ಲಿ 31 ಪುಟಗಳಿದ್ದವು. ಸ್ವಾಗತ ಸಂದೇಶ, ಓಡುವ ಅಕ್ಷರಗಳು, ಭೇಟಿ ನೀಡಿದವರ ಸಂಖ್ಯೆ, ಜಾರುವ ಚಿತ್ರಗಳು ಇತ್ಯಾದಿ. "ನಿಮ್ಮ ತಾಣಕ್ಕೆ ಯಾರು ಬರುತ್ತಾರೆ, ಏನನ್ನು ಹುಡುಕಿಕೊಂಡು ಬರುತ್ತಾರೆ?" ಎಂದು ಕೇಳಿದಾಗ ಮೂರು ಉತ್ತರಗಳು ಬಂದವು. ಬೇರೆ ಕಾಲೇಜಿನ ವಿದ್ಯಾರ್ಥಿಗೆ ಸ್ಪರ್ಧೆಯ ದಿನಾಂಕ, ಸ್ಥಳ, ಶುಲ್ಕ ಬೇಕು. ಪ್ರಾಯೋಜಕನಿಗೆ ಹಿಂದಿನ ವರ್ಷ ಏನು ನಡೆಯಿತು, ಯಾರೊಡನೆ ಮಾತನಾಡಬೇಕು ಎಂಬುದು ಬೇಕು. ಹಳೆಯ ವಿದ್ಯಾರ್ಥಿಗೆ ತಾನಿದ್ದ ಕಾಲದ ದಾಖಲೆ ಬೇಕು. ಈ ಮೂವರಿಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಾಗ ಆರು ಪುಟಗಳು ಉಳಿದವು.

ಹಳೆಯ ಕನ್ನಡ ವರದಿಗಳ ವಿಷಯದಲ್ಲಿ ಒಂದು ತೊಡಕು ಎದುರಾಯಿತು. ಸಂಘದ ಸ್ಮರಣ ಸಂಚಿಕೆಗಳೆಲ್ಲ ಹಳೆಯ ಬಗೆಯ ಫಾಂಟುಗಳಲ್ಲಿ ಬೆರಳಚ್ಚಾಗಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತಿದ್ದವು. ಶೋಧಯಂತ್ರಗಳಿಗೂ ಅವು ಕನ್ನಡವೆಂದು ತಿಳಿಯುವುದಿಲ್ಲ. 1991ರಷ್ಟು ಹಿಂದೆಯೇ ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಮುದ್ರಣಕ್ಕೆಂದು ಸಿದ್ಧಪಡಿಸಿದ ಕಡತಗಳಲ್ಲಿ ಹಳೆಯ ಪದ್ಧತಿ ಬಹುಕಾಲ ಉಳಿದುಬಂದಿತು. ಉಚಿತ ಪರಿವರ್ತಕಗಳ ಮೂಲಕ ಆ ಪಠ್ಯವನ್ನು ಯೂನಿಕೋಡ್‌ಗೆ ತಂದರು. ಪರಿವರ್ತನೆಯಲ್ಲಿ ಒತ್ತಕ್ಷರಗಳು, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ. ತಿದ್ದಲು ಕಣ್ಣಿರುವ ಮನುಷ್ಯರೇ ಬೇಕು. ಕನ್ನಡ ಬಲ್ಲ ಇಬ್ಬರು ವಿದ್ಯಾರ್ಥಿನಿಯರಿಗೆ ಕರಡು ತಿದ್ದಿದ ಕೆಲಸಕ್ಕಾಗಿ 2,500 ರೂ. ಕೊಡಲಾಯಿತು. ಅಕ್ಷರವಿನ್ಯಾಸಕ್ಕೆ ಉಚಿತವಾಗಿ ದೊರೆಯುವ ನೋಟೊ ಸಾನ್ಸ್ ಕನ್ನಡ ಫಾಂಟನ್ನು ಬಳಸಿದರು.

ಇನ್ನೊಂದು ವಿಷಯದಲ್ಲಿ ಕತ್ತರಿ ಆಡಿಸಬೇಕಾಯಿತು. ಹಳೆಯ ತಾಣದಲ್ಲಿ ಸ್ಪರ್ಧಿಗಳ ಹೆಸರು, ತರಗತಿ, ಮೊಬೈಲ್ ಸಂಖ್ಯೆಗಳ ಪಟ್ಟಿಯೇ ಬಹಿರಂಗವಾಗಿತ್ತು. ಅನುಕೂಲಕ್ಕೆಂದು ಹಾಕಿದ್ದ ಆ ಪಟ್ಟಿ ಯಾರ ಕೈಗೆ ಬೇಕಾದರೂ ಸಿಗುವಂತಿತ್ತು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವನ್ನು ಅಂಗೀಕರಿಸಿದೆ. ಕಾನೂನು ಹಾಗಿರಲಿ, ಪರರ ಮಕ್ಕಳ ದೂರವಾಣಿ ಸಂಖ್ಯೆಯನ್ನು ಬೀದಿಗೆ ಹಾಕಬಾರದೆಂಬ ವಿವೇಕವೇ ಸಾಕು. ವಿಜೇತರ ಹೆಸರು ಮತ್ತು ಕಾಲೇಜನ್ನು ಮಾತ್ರ ಉಳಿಸಿಕೊಂಡರು.

ಐದು ಮಂದಿಯ ಪರೀಕ್ಷೆ

ತಾಣದ ಬಳಕೆಯನ್ನು ಪರೀಕ್ಷಿಸಲು ದೊಡ್ಡ ಸಮೀಕ್ಷೆ ಬೇಕಿಲ್ಲ. ಈ ಕ್ಷೇತ್ರದ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿಯೇ ಬರೆದಂತೆ, ಐದು ಮಂದಿ ಬಳಸುವುದನ್ನು ಪಕ್ಕದಲ್ಲಿ ಕುಳಿತು ನೋಡಿದರೆ ಬಹುಪಾಲು ದೋಷಗಳು ಬಯಲಾಗುತ್ತವೆ. ವಿದ್ಯಾರ್ಥಿಗಳು ಆರಿಸಿದ ಐವರು ಇವರು: ಪ್ರಥಮ ವರ್ಷದ ವಿದ್ಯಾರ್ಥಿ, ಬೇರೆ ಕಾಲೇಜಿನ ವಿದ್ಯಾರ್ಥಿನಿ, ಗ್ರಂಥಾಲಯದ ಸಹಾಯಕರು, ಹಳೆಯ ವಿದ್ಯಾರ್ಥಿಯೊಬ್ಬರ ತಂದೆ, ಹಾಗೂ ನಾನು. ಎಲ್ಲರಿಗೂ ಒಂದೇ ಕೆಲಸ: ನಿಮ್ಮ ಸ್ವಂತ ಮೊಬೈಲಿನಲ್ಲಿ ಉತ್ಸವದ ದಿನಾಂಕ ಹುಡುಕಿ, ಸಂಚಾಲಕರಿಗೆ ಫೋನ್ ಮಾಡಿ.

ಐವರಲ್ಲಿ ಮೂವರಿಗೆ ದಿನಾಂಕ ಸಿಗಲಿಲ್ಲ. ಅದು ಸುಂದರವಾದ ಭಿತ್ತಿಚಿತ್ರದ ಒಳಗೆ ಸಣ್ಣಕ್ಷರದಲ್ಲಿತ್ತು. ದೂರವಾಣಿ ಸಂಖ್ಯೆಯೂ ಚಿತ್ರದ ಭಾಗವಾಗಿದ್ದರಿಂದ ಅದನ್ನು ಒತ್ತಿದರೆ ಕರೆ ಹೋಗುತ್ತಿರಲಿಲ್ಲ. ಕಾಗದದಲ್ಲಿ ಬರೆದುಕೊಂಡು ಮತ್ತೆ ಒತ್ತಬೇಕಿತ್ತು. ಮುಖಪುಟದ ಒಂದೇ ಛಾಯಾಚಿತ್ರ 4 ಮೆಗಾಬೈಟ್ ಇದ್ದು, ತೆರೆಯಲು ಸಮಯ ಹಿಡಿಯುತ್ತಿತ್ತು. ದಿನಾಂಕ, ಸ್ಥಳ, ಶುಲ್ಕಗಳನ್ನು ಅಕ್ಷರಗಳಲ್ಲಿಯೇ ಮೊದಲ ಪರದೆಗೆ ತಂದರು. ಚಿತ್ರದ ಗಾತ್ರವನ್ನು ಕುಗ್ಗಿಸಿದರು. ಈ ಪರೀಕ್ಷೆಗೆ ಓಡಾಟ, ಕಾಫಿ ಸೇರಿ ತಗುಲಿದ ವೆಚ್ಚ 600 ರೂ. ಇಡೀ ಯೋಜನೆಯಲ್ಲಿ ಅತ್ಯಂತ ಹೆಚ್ಚು ಪ್ರಯೋಜನ ತಂದ 600 ರೂ. ಅದೇ.

ಲೆಕ್ಕಪತ್ರ

ಕೊನೆಗೆ ಲೆಕ್ಕ ಹೀಗೆ ಬಂತು: ಐದು ವರ್ಷಗಳ ಹೆಸರು ನೋಂದಣಿ 4,500 ರೂ.; ಕರಡು ತಿದ್ದುವಿಕೆ 2,500 ರೂ.; ಬಳಕೆಯ ಪರೀಕ್ಷೆ 600 ರೂ.; ಹಸ್ತಾಂತರ ಪುಸ್ತಕ ಹಾಗೂ ತಪ್ಪು ವಿಳಾಸವಿದ್ದ ಉಳಿಕೆ ಕರಪತ್ರಗಳ ಮೇಲೆ ಅಂಟಿಸಿದ ಚೀಟಿಗಳ ಮುದ್ರಣ 400 ರೂ. ಜಾಗಕ್ಕೆ, ಪ್ರಮಾಣಪತ್ರಕ್ಕೆ, ತಂತ್ರಾಂಶಕ್ಕೆ ಶೂನ್ಯ. ಒಟ್ಟು 8,000 ರೂ. ಉಳಿದ 7,000 ರೂ.ಗಳನ್ನು ಅವರು ಹಿಂದಿರುಗಿಸಲು ಬಂದರು. ಅದನ್ನು ಮುಂದಿನ ನವೀಕರಣಕ್ಕೆಂದು ಸಂಘದ ಖಾತೆಯಲ್ಲೇ ಇರಿಸಿಕೊಳ್ಳುವಂತೆ ಹೇಳಿದೆ. ವಿದ್ಯಾರ್ಥಿಗಳ ದುಡಿಮೆಗೆ ಬೆಲೆ ಕಟ್ಟಿಲ್ಲವೆಂಬುದು ನಿಜ. ಅದೇ ಕೆಲಸವನ್ನು ವೃತ್ತಿಪರರಿಂದ ಮಾಡಿಸುವ ನಮ್ಮಂಥವರಿಗೆ ವೆಚ್ಚ ಹೆಚ್ಚಾದೀತು. ಆದರೆ ಆದ್ಯತೆಯ ಕ್ರಮ ಬದಲಾಗಬೇಕಿಲ್ಲ.

ಹಸ್ತಾಂತರ ಪುಸ್ತಕವೆಂದರೆ ಎಂಟು ಪುಟಗಳ ಸಣ್ಣ ಹೊತ್ತಗೆ. ಹೆಸರು ಎಲ್ಲಿ ನೋಂದಾಯಿತವಾಗಿದೆ, ಯಾವ ಇ-ಮೇಲ್, ಮುಕ್ತಾಯದ ದಿನಾಂಕ ಯಾವುದು, ಪುಟ ತಿದ್ದುವುದು ಹೇಗೆ, ಮೇಲ್ವಿಚಾರಕರು ಯಾರು ಎಂಬ ವಿವರಗಳು ಅದರಲ್ಲಿವೆ. ಗುಪ್ತಪದಗಳು ಪುಸ್ತಕದಲ್ಲಿಲ್ಲ, ಖಾತೆ ಮರಳಿ ಪಡೆಯುವ ಸಂಕೇತಗಳನ್ನು ಮುದ್ರಿಸಿ, ಲಕೋಟೆಗೆ ಅರಗು ಹಾಕಿ ಕಾಲೇಜು ಕಚೇರಿಯ ಕಪಾಟಿನಲ್ಲಿ ಇಟ್ಟಿದ್ದಾರೆ. ಹೊಸ ಪದಾಧಿಕಾರಿಗಳು ಅಧಿಕಾರ ವಹಿಸಿಕೊಳ್ಳುವ ದಿನ ಹಳಬರ ಹೆಸರು ತೆಗೆದು ಹೊಸಬರ ಹೆಸರು ಸೇರಿಸಿ, ಪುಸ್ತಕಕ್ಕೆ ಇಬ್ಬರೂ ಸಹಿ ಹಾಕಬೇಕೆಂಬ ನಿಯಮ ಮಾಡಿಕೊಂಡರು.

ಆಮೇಲೆ ನನ್ನ ಸರದಿ

ಪರರಿಗೆ ಉಪದೇಶ ಮಾಡಿದ ಆ ವಾರವೇ, ನಮ್ಮ ಘಟಕದ ತಾಣದ ಸ್ಥಿತಿ ಏನೆಂದು ನೋಡಬೇಕೆನಿಸಿತು. 2006ರಲ್ಲಿ ಮಾಡಿಸಿದ ತಾಣ. ಮುಖಪುಟದಲ್ಲಿ ಎರಡು ಗೇರುಗಳು ತಿರುಗುತ್ತಾ ನಮ್ಮ ಹೆಸರು ಮೂಡಿಬರುವ ಫ್ಲ್ಯಾಶ್ ಚಿತ್ರಿಕೆಯಿತ್ತು. ಅದಕ್ಕೆ ಆ ಕಾಲದಲ್ಲಿ ಹೆಚ್ಚುವರಿ ಹಣ ಕೊಟ್ಟಿದ್ದೆ. ತೆರೆದು ನೋಡಿದರೆ ಬಿಳಿಯ ಪುಟ. ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿ, 2021ರ ಜನವರಿ 12ರಿಂದ ಅದು ಓಡದಂತೆಯೇ ಮಾಡಿತ್ತು. ನನಗೆ ಗೊತ್ತೇ ಇರಲಿಲ್ಲ. ಎಷ್ಟು ಮಂದಿ ಖರೀದಿದಾರರು ಆ ಬಿಳಿಯ ಪುಟವನ್ನು ನೋಡಿ, ಘಟಕ ಮುಚ್ಚಿದೆಯೆಂದು ಭಾವಿಸಿ ಬೇರೆಯವರಿಗೆ ಆರ್ಡರ್ ಕೊಟ್ಟಿರಬಹುದೋ ತಿಳಿಯದು.

ಅದಕ್ಕಿಂತ ದೊಡ್ಡ ಆಘಾತ ಇನ್ನೊಂದಿತ್ತು. ಹೆಸರು ನಮ್ಮ ಸಂಸ್ಥೆಯ ಹೆಸರಿನಲ್ಲಿ ಇರಲೇ ಇಲ್ಲ. ತಾಣ ಮಾಡಿಕೊಟ್ಟ ವಿನ್ಯಾಸಕರ ಖಾತೆಯಲ್ಲಿತ್ತು. ಪ್ರತಿ ವರ್ಷ ಅವರ ಬಿಲ್ಲಿಗೆ ಹಣ ಕಟ್ಟುತ್ತಾ ಅದು ನಮ್ಮದೆಂದೇ ನಂಬಿದ್ದೆ. ನಮ್ಮ ಎಲ್ಲ ಇ-ಮೇಲ್ ವ್ಯವಹಾರ, ವಿಚಾರಣೆ, ದರಪಟ್ಟಿ, ಖರೀದಿ ಆದೇಶ ಎಲ್ಲವೂ ಆ ಹೆಸರಿನ ಮೇಲೆ ನಿಂತಿದ್ದವು. ವಿನ್ಯಾಸಕರು ಆ ವ್ಯವಹಾರವನ್ನು ಮುಚ್ಚಿ ಬೇರೆ ಊರಿಗೆ ಹೋಗಿದ್ದರು. ಅದೃಷ್ಟವಶಾತ್ ಹಳೆಯ ಸಂಖ್ಯೆಗೇ ಸಿಕ್ಕಿದರು, ಸಜ್ಜನರು. ವರ್ಗಾವಣೆಯ ಸಂಕೇತವನ್ನು ಕಳುಹಿಸಿಕೊಟ್ಟರು. ಅವಧಿ ಮುಗಿಯಲು ಆಗ 19 ದಿನಗಳಿದ್ದವು. ವಿದ್ಯಾರ್ಥಿಗಳ ಕೈತಪ್ಪಿದ್ದು ಉತ್ಸವದ ವಿಳಾಸ. ನನ್ನ ಕೈತಪ್ಪಿದ್ದರೆ ಹೋಗುತ್ತಿದ್ದುದು ಹದಿನೇಳು ವರ್ಷಗಳ ವ್ಯಾಪಾರ ಸಂಬಂಧ.

ಸದಸ್ಯರ ಗಮನಕ್ಕೆ

ನಮ್ಮ ಸದಸ್ಯ ಬಾಂಧವರು ಈ ತಿಂಗಳ ಜಿಎಸ್‌ಟಿ ವಿವರಪಟ್ಟಿ ಸಲ್ಲಿಸಿದ ನಂತರ ಇನ್ನೊಂದು ಅರ್ಧ ಗಂಟೆಯನ್ನು ಈ ಕೆಳಗಿನ ವಿಚಾರಗಳಿಗೆ ಮೀಸಲಿಡಬೇಕೆಂದು ಕೋರುತ್ತೇನೆ.

1. ನಿಮ್ಮ ಜಾಲತಾಣದ ಹೆಸರು ಯಾವ ನೋಂದಣಿ ಸಂಸ್ಥೆಯಲ್ಲಿ, ಯಾರ ಖಾತೆಯಲ್ಲಿದೆ? ಅದರ ಪ್ರವೇಶ ನಿಮ್ಮ ಕೈಯಲ್ಲಿದೆಯೇ?

2. ಆ ಖಾತೆಯ ಇ-ಮೇಲ್ ಯಾವುದು? ಅದು ಅದೇ ಜಾಲತಾಣದ ಹೆಸರನ್ನೇ ಅವಲಂಬಿಸಿದ್ದರೆ, ಹೆಸರು ನಿಂತ ದಿನ ನೆನಪೋಲೆಯೂ ಬರುವುದಿಲ್ಲ. ಬೇರೊಂದು ವಿಳಾಸವನ್ನೂ ಕೊಡಿ.

3. ಮುಕ್ತಾಯದ ದಿನಾಂಕವನ್ನು ಅಗ್ನಿಶಾಮಕ ಪರವಾನಗಿ, ವಿಮೆ, ವ್ಯಾಪಾರ ಪರವಾನಗಿಗಳ ನವೀಕರಣ ಪಟ್ಟಿಯಲ್ಲಿಯೇ ಬರೆದಿಡಿ.

4. ನವೀಕರಣಕ್ಕೆ ಹಣ ಕಟ್ಟಿ ಎಂದು ಅಪರಿಚಿತರಿಂದ ಬರುವ ಪತ್ರಗಳಿಗೆ ಮರುಳಾಗಬೇಡಿ. ನಿಮ್ಮ ಖಾತೆಗೆ ನೀವೇ ಪ್ರವೇಶಿಸಿ ಪರಿಶೀಲಿಸಿ.

5. ಹೊಸ ತಾಣ ಮಾಡಿಸುವಾಗ ಕರಾರಿನಲ್ಲಿ ಬರೆಸಿಕೊಳ್ಳಿ: ಹೆಸರು, ಮೂಲ ಕಡತಗಳು, ಛಾಯಾಚಿತ್ರಗಳು, ಮೇಲ್ವಿಚಾರಕ ಗುಪ್ತಪದ ಇವು ಗ್ರಾಹಕರ ಸ್ವತ್ತು, ಕೆಲಸ ಮುಗಿದ ದಿನ ಹಸ್ತಾಂತರವಾಗತಕ್ಕದ್ದು.

6. ಲೆಕ್ಕಪತ್ರ ನೋಡುವ ಹುಡುಗ ಅಥವಾ ಹುಡುಗಿ ಕೆಲಸ ಬಿಟ್ಟು ಹೋದರೂ ನಡೆಯುವಂತೆ, ಕನಿಷ್ಠ ಇಬ್ಬರಿಗೆ ಈ ವಿವರಗಳು ತಿಳಿದಿರಲಿ.

7. ನಿಮ್ಮ ತಾಣವನ್ನು ಹೊರಗಿನವರೊಬ್ಬರ ಮೊಬೈಲಿನಲ್ಲಿ ತೆರೆಸಿ, ನಿಮಗೆ ಫೋನ್ ಮಾಡುವಂತೆ ಹೇಳಿ. ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಿ.

ಆ ಸಂಘದ ತಾಣ ಇಂದಿಗೂ ನಡೆಯುತ್ತಿದೆ. ಅಂದು ನನ್ನ ಬಳಿಗೆ ಬಂದಿದ್ದ ನಾಲ್ವರೂ ಪದವಿ ಮುಗಿಸಿ ಹೊರಟುಹೋಗಿದ್ದಾರೆ. ಖಜಾಂಚಿಯಾಗಿದ್ದ ಹುಡುಗಿ ಪೀಣ್ಯದ ಘಟಕವೊಂದರಲ್ಲಿ ಖರೀದಿ ವಿಭಾಗ ನೋಡಿಕೊಳ್ಳುತ್ತಿದ್ದಾಳೆ. ಕಳೆದ ಫೆಬ್ರವರಿಯಲ್ಲಿ ಹೊಸ ಸಮಿತಿಯವರು ಪ್ರಾಯೋಜಕತ್ವ ಕೇಳಲು ಬಂದಾಗ ಕರಪತ್ರದ ಜತೆಗೆ ಹಸ್ತಾಂತರ ಪುಸ್ತಕವನ್ನೂ ತಂದಿದ್ದರು. ಕೊನೆಯ ಪುಟದಲ್ಲಿ ಎರಡು ಸಮಿತಿಗಳ ಸಹಿಗಳಿದ್ದವು. ಅವರೆದುರಿಗೇ ವಿಳಾಸವನ್ನು ತೆರೆದು ನೋಡಿದೆ. ಉತ್ಸವದ ದಿನಾಂಕ ಮೊದಲ ಪರದೆಯಲ್ಲಿಯೇ ಇತ್ತು. ಚೆಕ್ಕಿಗೆ ಸಹಿ ಹಾಕಿ ಕೊಟ್ಟೆ.